ಎಂ-1ರಾಗ ಸಿ ಗ್ರೇಡ್ ಬಂತು, ಎಂ-2ಕ್ಕ ಹೆಂಗ ತಯಾರಾಗ್ಲಿ?

ನವನಗರದಂವ, ಬಾಗಲಕೋಟೆ

ಎಲ್ಲಾರಿಗೂ ನಮಸ್ಕಾರ್ರಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ), 2022ರ ಸ್ಕೀಮ್, ಕಂಪ್ಯೂಟರ್ ಸೈನ್ಸ್ ಸ್ಟ್ರೀಮ್. ಮೊದಲ ಸೆಮ್ ಗಣಿತದ (ಎಂ-1) ರಿಸಲ್ಟ್ ಬಂದದ. ಇಂಟರ್ನಲ್ 50ಕ್ಕ 32. ಪೇಪರ್ 100ಕ್ಕ 38, ಅಂದ್ರ ಅರ್ಧಕ್ಕ ಇಳಿಸಿದ್ರ 19. ಒಟ್ಟು 51, ಸಿ ಗ್ರೇಡ್. ಪೇಪರ್‌ನಾಗ ಪಾಸ್ ಆಗಾಕ 35 ಬೇಕಿತ್ತು, ಮೂರೇ ಮಾರ್ಕ್ ಮ್ಯಾಲ ಉಳದೀನಿ. ಪಿಯುಸಿ ಗಣಿತದಾಗ 88 ಇತ್ತು.

ಎರಡನೇ ಸೆಮ್ ಗಣಿತ, ಅಂದ್ರ ಎಂ-2 ಕ್ಲಾಸ್ ಶುರುವಾಗಿ ಎಂಟು ದಿನ ಆತು. ಡಬಲ್ ಇಂಟಿಗ್ರಲ್ ನಡದದ. ಬೋರ್ಡ್ ಮ್ಯಾಲ ಸರ್ ಮಾಡೂಮುಂದ ಎಲ್ಲಾ ತಿಳೀತದ, ರೂಮಿಗೆ ಬಂದು ಕುಂತ್ರ ಆ ಲಿಮಿಟ್ ಎಲ್ಲಿಂದ ಬಂತು ಅಂತನ ಗೊತ್ತಾಗವಲ್ದು. ಹತ್ತನೇತ್ತಾ ತನಕ ಕನ್ನಡ ಮೀಡಿಯಂ, ಪ್ರಶ್ನೆ ಏನ್ ಕೇಳ್ಯಾರ ಅನ್ನೂದೂ ಒಮ್ಮೊಮ್ಮೆ ತಪ್ಪತದ.

ಕೇಳಾವ ಇಷ್ಟು. ಎಂ-1 ಪೂರ್ತಿ ಹೊಳ್ಳಿ ಓದಬೇಕೇನ್ರಿ? ಸಿಲಬಸ್ಸಿನ ಐದು ಭಾಗಕ್ಕ ಮಾಡ್ಯೂಲ್ ಅಂತಾರ; ಸೀನಿಯರ್ ಒಬ್ರು “ಎರಡು ಮಾಡ್ಯೂಲ್ ಬಿಟ್ಬಿಡು, ಮೂರು ಗಟ್ಟಿ ಮಾಡ್ಕೋ” ಅಂತಾರ, ಅದು ಸರಿ ಅದನ? ದಿನಾ ಒಂದೂವರಿ ತಾಸು ಕೊಡಬಲ್ಲೆ, ರವಿವಾರ ಮೂರು ತಾಸು. ಟ್ಯೂಶನ್ ಹಚ್ಚಲೋ ಬ್ಯಾಡೋ?

ಶಹಾಪುರದ ಓಣಿ, ಬೆಳಗಾವಿ

ಮೊದಲ ಆ ಸೀನಿಯರ್ ಲೆಕ್ಕಾನ ನೋಡೂಣು ತಮ್ಮಾ. ಪೇಪರ್‌ನಾಗ ಐದು ಮಾಡ್ಯೂಲ್, ಒಂದೊಂದಕ್ಕ 20 ಮಾರ್ಕ್. ಪ್ರತಿ ಮಾಡ್ಯೂಲ್‌ನಾಗ ಎರಡು ಪೂರ್ಣ ಪ್ರಶ್ನೆ ಕೊಟ್ಟು ಒಂದು ಬರಿ ಅಂತಾರ. ಆಯ್ಕೆ ಇರೂದು ಮಾಡ್ಯೂಲ್ ಒಳಗ, ಮಾಡ್ಯೂಲ್‌ಗೊಳ ನಡುವ ಅಲ್ಲ. ಎರಡು ಬಿಟ್ಟಿ ಅಂದ್ರ ನಿನ್ನ ಪೇಪರ್ 60 ಮಾರ್ಕಿಂದು ಆತು. ಅದರಾಗ ನೂರಕ್ಕ 60ರಷ್ಟು ಸರಿ ಬರದ್ರ 36. ಪಾಸ್ ಗೆರಿ 35. ಒಂದ ಒಂದು ಮೈನಸ್ ಚಿಹ್ನೆ ತಪ್ಪಿದ್ರ ಮುಗೀತು. ಬಿಡೂದ ಇದ್ರ ಮಾಡ್ಯೂಲ್ ಬಿಡಬ್ಯಾಡ, ಮಾಡ್ಯೂಲ್ ಒಳಗಿನ ಒಂದು ತುಣುಕು ಬಿಡು. ಒಂದು ಪೂರ್ಣ ಪ್ರಶ್ನ್ಯಾಗ ಸಾಮಾನ್ಯವಾಗಿ 7, 7, 6 ಮಾರ್ಕಿನ ಮೂರು ತುಂಡು ಇರ್ತಾವ. ಎರಡು ತುಂಡು ಗಟ್ಟಿ ಬಂದು, ಮೂರನೇದು ಅರ್ಧ ಬಂದ್ರೂ ಆ ಮಾಡ್ಯೂಲ್‌ನಾಗ 16-17 ಕೈಗೆ ಸಿಗ್ತಾವ.

ಇನ್ನ ತಯಾರಿ. 38 ಯಾಕ ಬಂತು ಅನ್ನೂದು ತಿಳೀದ ಯಾವ ಪುಸ್ತಕಾನೂ ತಗೀಬ್ಯಾಡ. ವಿಟಿಯು ಉತ್ತರಪತ್ರಿಕೆ ಫೋಟೊಕಾಪಿ ಕೊಡ್ತದ, ರಿಸಲ್ಟ್ ಬಂದ ಮ್ಯಾಲ ಅರ್ಜಿಗೆ ಸ್ವಲ್ಪ ದಿನಾನ ಇರ್ತಾವ, ಕಾಲೇಜಿನ ಪರೀಕ್ಷಾ ವಿಭಾಗದಾಗ ನಾಳೆನ ಕೇಳು. ಭಾಳ ಮಂದಿ ಅದನ್ನ ರಿವ್ಯಾಲ್ಯುವೇಶನ್ ಸಲುವಾಗಿ ಅಷ್ಟ ತಗೋತಾರ. ನಿನಗ ಅದು ಎಕ್ಸ್‌ರೇ ಇದ್ದಂಗ. ಅರ್ಜಿ ದಿನ ಮುಗದಿದ್ರ, ಅದ ಪ್ರಶ್ನೆಪತ್ರಿಕೆ ಇಟ್ಕೊಂಡು ಮೂರು ತಾಸು ಗಡಿಯಾರ ಹಚ್ಚಿ ಹೊಳ್ಳಿ ಬರಿ. ಸುಮಾರು ಅವ ತಪ್ಪು ಹೊಳ್ಳಿ ಬರ್ತಾವ.

ಹೋದ ಒಂದೊಂದು ಮಾರ್ಕಿನ ಮುಂದ ಒಂದು ಅಕ್ಷರ ಬರಿ. ವಿಧಾನನ ಗೊತ್ತಿರಲಿಲ್ಲ ಅಂದ್ರ “ವಿ”. ವಿಧಾನ ಗೊತ್ತಿತ್ತು, ಬೀಜಗಣಿತದಾಗೋ ತ್ರಿಕೋನಮಿತಿಯಾಗೋ ಜಾರಿದಿ ಅಂದ್ರ “ಜಾ”. ಪ್ರಶ್ನೆ ತಪ್ಪು ತಿಳಕೊಂಡಿದ್ರ “ಪ್ರ”. ಟೈಮ್ ಸಾಲದ ಬಿಟ್ಟಿದ್ರ “ಟೈ”. ಆಮ್ಯಾಲ ಕೂಡಿಸು. “ವಿ” ಹೆಚ್ಚಿದ್ರ ಪಾಠ ಕೇಳಬೇಕು. “ಜಾ” ಹೆಚ್ಚಿದ್ರ ಪಾಠ ಕೇಳೂದು ದಂಡ, ಪಿಯು ಲೆಕ್ಕ ಕೈಲೆ ಮಾಡಬೇಕು. ಪಿಯುದಾಗ 88 ಇದ್ದಾವಗ “ಜಾ”ನ ಹೆಚ್ಚಿರ್ತದ ಅಂತ ನನ್ನ ಅಂದಾಜು, ಯಾಕಂದ್ರ ಪಿಯು ಪರೀಕ್ಷೆ ಮುಗದ ಮ್ಯಾಲ ಇಂಟಿಗ್ರೇಶನ್ ಪಟ್ಟಿ ತಲಿಯಿಂದ ಇಳದುಹೋಗಿರ್ತದ, ಎಂ-1ರಾಗ ಅದರ ಕೆಲಸಾನೂ ಕಡಿಮಿ.

ಎಂ-1 ಪೂರ್ತಿ ಬ್ಯಾಡ. ಪೋಲಾರ್ ಕರ್ವ್, ಪೆಡಲ್ ಸಮೀಕರಣ, ರೇಡಿಯಸ್ ಆಫ್ ಕರ್ವೇಚರ್, ಮಾಡ್ಯುಲರ್ ಅಂಕಗಣಿತ: ಇವನ್ನ ಎಂ-2 ಮುಟ್ಟೂದಿಲ್ಲ. ಪಾರ್ಶಿಯಲ್ ಡೆರಿವೇಟಿವ್ ಬೇಕ ಬೇಕು, ವೆಕ್ಟರ್ ಕ್ಯಾಲ್ಕುಲಸ್ ಪೂರ್ತಿ ಅದರ ಮ್ಯಾಲ ನಿಂತದ. ಜಾಕೋಬಿಯನ್ ಏನು ಅನ್ನೂದು ಅರ್ಧ ತಾಸು ನೋಡ್ಕೋ. ಲೀನಿಯರ್ ಆಲ್ಜಿಬ್ರಾ ಬಿಟ್ರೂ ನಡೀತದ.

ಅದಕ್ಕಿಂತ ಪಿಯು ದೊಡ್ಡದು. ಇವತ್ತ ರಾತ್ರಿ 20 ಸಣ್ಣ ಲೆಕ್ಕ ಆರಿಸ್ಕೊಂಡು 40 ನಿಮಿಷ, ಪುಸ್ತಕ ಮುಚ್ಚಿ. ಸೈನ್ ವರ್ಗ ಎಕ್ಸ್ ಇಂಟಿಗ್ರೇಟ್ ಮಾಡು. 1 ಭಾಗಿಸು (ಎಕ್ಸ್ ವರ್ಗ + 4) ಮಾಡು. ಉತ್ತರದಾಗ ಟ್ಯಾನ್ ಇನ್ವರ್ಸ್ ಮುಂದ ಅರ್ಧ ಬಂತೋ ಇಲ್ಲೋ ನೋಡು, ಮಂದಿ ಬಿಡೂದು ಅದನ್ನ. ಬೈ ಪಾರ್ಟ್ಸ್ ಎರಡು. ಪಾರ್ಶಿಯಲ್ ಫ್ರ್ಯಾಕ್ಷನ್ ಎರಡು. ವೈ ವರ್ಗ = 4 ಎಕ್ಸ್ ಮತ್ತ ವೈ = ಎಕ್ಸ್ ಎಲ್ಲೆಲ್ಲಿ ಕೂಡ್ತಾವ? ಎಕ್ಸ್ ವರ್ಗ + ವೈ ವರ್ಗ = 2 ಎಕ್ಸ್ ಅನ್ನೂ ವೃತ್ತ ಬರಿ; ಕೇಂದ್ರ ಎಲ್ಲೆ, ತ್ರಿಜ್ಯ ಎಷ್ಟು? ಲಾಗ್ (ಎಕ್ಸ್ ವರ್ಗ + ವೈ ವರ್ಗ)ದ ಪಾರ್ಶಿಯಲ್ ತಗಿ. ಇಂಥಾವ 20. ಹದಿನಾರಕ್ಕಿಂತ ಹೆಚ್ಚು ಸರಿ ಇದ್ರ ಹಿಂದ ನೋಡಬ್ಯಾಡ, ಎಂ-2 ಹಿಡಿ. ಹತ್ತರಿಂದ ಹದಿನಾರು ಇದ್ರ ಎರಡು ವಾರ ಪಿಯು ಕೆಲಸ ಅದ. ಹತ್ತಕ್ಕೂ ಕಡಿಮಿ ಇದ್ರ ಮೂರು ವಾರ, ಆವಾಗ ಮನಿಯೊಳಗ ಕೂಡೂದಕ್ಕಿಂತ ಒಬ್ರ ಕಡೆ ಹೋಗಿ ಕುಂತು ಮಾಡೂದು ಚಲೋ. ಟ್ಯೂಶನ್ ಪ್ರಶ್ನೆಗೆ ನನ್ನ ಉತ್ತರ ಇಷ್ಟ.

ಗಣಿತದಕ್ಕ, ವಿಜಯಪುರ

ಮೇಲಿನವರ ಮಾತಿಗೆ ಒಂದು ತಿದ್ದುಪಡಿ. ಲೀನಿಯರ್ ಆಲ್ಜಿಬ್ರಾ ಪೂರ್ತಿ ಬಿಡಬಾರದು. ಕಂಪ್ಯೂಟರ್ ಸೈನ್ಸ್ ಸ್ಟ್ರೀಮಿನ ಎಂ-2ರಲ್ಲಿ ಮೂರನೆಯ ಮಾಡ್ಯೂಲ್ ವೆಕ್ಟರ್ ಸ್ಪೇಸ್ ಮತ್ತು ಲೀನಿಯರ್ ಟ್ರಾನ್ಸ್‌ಫರ್ಮೇಶನ್. ಕೊಟ್ಟ ವೆಕ್ಟರ್‌ಗಳು ಬೇಸಿಸ್ ಆಗುತ್ತವೆಯೇ ಎಂದು ನೋಡುವುದು ಕೊನೆಗೆ ಮ್ಯಾಟ್ರಿಕ್ಸನ್ನು ಎಶೆಲಾನ್ ರೂಪಕ್ಕೆ (ಕೆಳಗೆ ಮೆಟ್ಟಿಲಿನಂತೆ ಸೊನ್ನೆಗಳಿರುವ ರೂಪ) ತರುವ ಕೆಲಸವೇ. ರೋ ರಿಡಕ್ಷನ್ ತಪ್ಪಿಲ್ಲದೆ ಬಾರದಿದ್ದರೆ ಆ 20 ಮಾರ್ಕಿನಲ್ಲಿ ಅರ್ಧ ಕೈಬಿಟ್ಟಂತೆ. ಎಂ-1ರ ಐದನೆಯ ಮಾಡ್ಯೂಲಿನಿಂದ ರ‍್ಯಾಂಕ್ ಮತ್ತು ಗಾಸ್ ಎಲಿಮಿನೇಶನ್ ಇವೆರಡನ್ನು ಮಾತ್ರ, ತಲಾ ಐದು ಲೆಕ್ಕ ಮಾಡಿ. ರ‍್ಯಾಂಕ್-ನಲ್ಲಿಟಿ ಪ್ರಮೇಯದಲ್ಲಿ ಎರಡೂ ಕೂಡಿದರೆ ಬರಬೇಕಾದದ್ದು ಹೊರಡುವ ಸ್ಪೇಸಿನ ಡೈಮೆನ್ಶನ್, ಸೇರುವ ಸ್ಪೇಸಿನದಲ್ಲ. ಮೂರು ಡೈಮೆನ್ಶನ್ನಿನಿಂದ ಎರಡಕ್ಕೆ ಹೋಗುವ ಟ್ರಾನ್ಸ್‌ಫರ್ಮೇಶನ್ ಆದರೆ ಮೊತ್ತ 3. ಹುಡುಗರು 2 ಬರಿಸಲು ಒದ್ದಾಡುವುದು ಇಲ್ಲೇ.

ಇನ್ನು ತಮ್ಮಾ, ನೀನು ಕೇಳಿದ ಲಿಮಿಟ್ ವಿಷಯ. ಲಿಮಿಟ್ ಬರುವುದು ಸೂತ್ರದಿಂದಲ್ಲ, ಚಿತ್ರದಿಂದ. ಚಿತ್ರ ಬರೆಯದೆ ಆರ್ಡರ್ (ಎಕ್ಸ್, ವೈಗಳಲ್ಲಿ ಮೊದಲು ಯಾವುದರ ಮೇಲೆ ಇಂಟಿಗ್ರೇಟ್ ಮಾಡುವುದೆಂಬ ಕ್ರಮ) ಬದಲಿಸಲು ಹೋದರೆ ಹತ್ತಕ್ಕೆ ಎಂಟು ಸಲ ತಪ್ಪುತ್ತದೆ.

ಒಂದು ಲೆಕ್ಕ ತೆಗೆದುಕೊಳ್ಳೋಣ. ಒಳಗಿನ ಇಂಟಿಗ್ರಲ್ ವೈ ಮೇಲೆ, ಎಕ್ಸ್‌ನಿಂದ 1ರವರೆಗೆ. ಹೊರಗಿನದು ಎಕ್ಸ್ ಮೇಲೆ, 0ಯಿಂದ 1. ಒಳಗಿರುವುದು ಇ ಘಾತ ವೈ ವರ್ಗ. ಕೊಟ್ಟ ಹಾಗೆಯೇ ಮಾಡಲು ಹೋದರೆ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತೀ, ಇ ಘಾತ ವೈ ವರ್ಗಕ್ಕೆ ನಮಗೆ ಗೊತ್ತಿರುವ ಫಂಕ್ಷನ್‌ಗಳಲ್ಲಿ ಇಂಟಿಗ್ರಲ್ ಇಲ್ಲ. ಪರೀಕ್ಷೆಯಲ್ಲಿ ಆರ್ಡರ್ ಬದಲಿಸಿ ಎಂದು ಕೇಳಲು ಅದೇ ಕಾರಣ.

ಹಾಳೆಯ ಮೇಲೆ ಮೂರು ಗೆರೆ ಎಳೆ: ವೈ = ಎಕ್ಸ್, ವೈ = 1, ಎಕ್ಸ್ = 0. ನಡುವೆ ಸಿಕ್ಕುವ ತ್ರಿಕೋನದ ಮೂಲೆಗಳು (0,0), (0,1), (1,1). ಈಗ ಪೆನ್ಸಿಲಿನಿಂದ ಒಂದು ನಿಂತ ಪಟ್ಟಿ ಬರೆ. ಅದರ ಕೆಳತುದಿ ಓರೆಗೆರೆಯ ಮೇಲೆ, ಮೇಲ್ತುದಿ ವೈ = 1ರ ಮೇಲೆ. ಇದೇ ಕೊಟ್ಟಿರುವ ಲಿಮಿಟ್. ಅದನ್ನು ಅಳಿಸಿ ಒಂದು ಮಲಗಿದ ಪಟ್ಟಿ ಬರೆ. ಎಡತುದಿ ಎಕ್ಸ್ = 0ರಲ್ಲಿ, ಬಲತುದಿ ಅದೇ ಓರೆಗೆರೆಯಲ್ಲಿ, ಅಂದರೆ ಎಕ್ಸ್ = ವೈ. ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸರಿಸು, ವೈ 0ಯಿಂದ 1ಕ್ಕೆ ಹೋಗುತ್ತದೆ. ಈಗ ಒಳಗೆ ಎಕ್ಸ್ 0ಯಿಂದ ವೈವರೆಗೆ, ಹೊರಗೆ ವೈ 0ಯಿಂದ 1. ಒಳಗಿನದು ಮುಗಿದರೆ ವೈ ಇಂಟು ಇ ಘಾತ ವೈ ವರ್ಗ ಸಿಗುತ್ತದೆ. ಟಿ = ವೈ ವರ್ಗ ಎಂದಿಟ್ಟರೆ ಎರಡು ಸಾಲಿನಲ್ಲಿ ಉತ್ತರ: (ಇ − 1) ಭಾಗಿಸು 2, ಸುಮಾರು 0.859.

ಸಾಮಾನ್ಯ ತಪ್ಪು ಏನೆಂದರೆ ಲಿಮಿಟ್ ಹಾಗೇ ಇಟ್ಟು ಡಿಎಕ್ಸ್, ಡಿವೈ ಮಾತ್ರ ಅದಲುಬದಲು ಮಾಡುವುದು. ಹೊರಗಿನ ಇಂಟಿಗ್ರಲ್ಲಿನ ಎರಡೂ ಲಿಮಿಟ್ ಬರೀ ಸಂಖ್ಯೆಗಳೇ ಇರಬೇಕು. ಅಲ್ಲಿ ಎಕ್ಸೋ ವೈಯೋ ಕಂಡರೆ ಅಲ್ಲೇ ನಿಲ್ಲು, ಮುಂದೆ ಹೋಗಬೇಡ. ಇದನ್ನು ನೋಡಲು ಐದು ಸೆಕೆಂಡು ಸಾಕು.

ಎರಡನೆಯ ಬಗೆ ಇನ್ನೂ ತೊಡಕಿನದು. ಎಕ್ಸ್ 0ಯಿಂದ 1, ವೈ ಎಕ್ಸ್ ವರ್ಗದಿಂದ (2 − ಎಕ್ಸ್)ವರೆಗೆ, ಒಳಗೆ ಎಕ್ಸ್ ಇಂಟು ವೈ. ಮಲಗಿದ ಪಟ್ಟಿ ಕೆಳಗಿರುವಾಗ ಅದರ ಬಲತುದಿ ಪ್ಯಾರಾಬೋಲಕ್ಕೆ ತಾಗುತ್ತದೆ, (1,1) ದಾಟಿದ ಮೇಲೆ ಸರಳರೇಖೆಗೆ ತಾಗುತ್ತದೆ. ತುದಿ ತಾಗುವ ಗೆರೆ ಬದಲಾದ ಕಡೆ ಪ್ರದೇಶವನ್ನು ಕತ್ತರಿಸಬೇಕು. ವೈ 0ಯಿಂದ 1ರವರೆಗೆ ಎಕ್ಸ್ 0ಯಿಂದ ವೈ ವರ್ಗಮೂಲದವರೆಗೆ, ಇದರ ಪಾಲು 1/6. ವೈ 1ರಿಂದ 2ರವರೆಗೆ ಎಕ್ಸ್ 0ಯಿಂದ (2 − ವೈ)ವರೆಗೆ, ಇದರ ಪಾಲು 5/24. ಕೂಡಿದರೆ 3/8. ಈ ಲೆಕ್ಕದಲ್ಲಿ ಒಂದು ಅನುಕೂಲವಿದೆ, ಕೊಟ್ಟ ಆರ್ಡರಿನಲ್ಲಿಯೂ ಇಂಟಿಗ್ರೇಟ್ ಮಾಡಲು ಬರುತ್ತದೆ. ಹಾಳೆಯ ಬದಿಯಲ್ಲಿ ಎರಡು ನಿಮಿಷ ಮಾಡಿ ನೋಡು, ಅಲ್ಲೂ 3/8 ಬರಬೇಕು. ಬಾರದಿದ್ದರೆ ತಪ್ಪು ಹೆಚ್ಚಾಗಿ ಎರಡನೆಯ ತುಂಡಿನಲ್ಲಿ (2 − ವೈ) ವರ್ಗವನ್ನು ಬಿಡಿಸಿದ ಕಡೆ ಇರುತ್ತದೆ.

ಪೋಲಾರಿಗೆ ಬದಲಿಸುವಾಗ ಮರೆಯುವುದು ಆ ಹೆಚ್ಚಿನ ಆರ್. ಡಿಎಕ್ಸ್ ಡಿವೈ ಇದ್ದಲ್ಲಿ ಆರ್ ಡಿಆರ್ ಡಿಥೀಟಾ ಆಗಬೇಕು. ಯಾಕೆ ಎಂಬುದಕ್ಕೆ ನಮ್ಮೂರಿನ ಗೋಳಗುಮ್ಮಟವನ್ನೇ ತೆಗೆದುಕೋ. ಒಳವ್ಯಾಸ ಸುಮಾರು 38 ಮೀಟರ್, ಅಂದರೆ ತ್ರಿಜ್ಯ 19. ಲೆಕ್ಕಕ್ಕೆ ಪೂರ್ತಿ ಅರ್ಧಗೋಳ ಎಂದುಕೊಳ್ಳೋಣ. ನೆಲದ ಮಧ್ಯದಿಂದ ಆರ್ ದೂರದಲ್ಲಿ ಗುಮ್ಮಟದ ಎತ್ತರ (361 − ಆರ್ ವರ್ಗ)ದ ವರ್ಗಮೂಲ. ಅದನ್ನು ಆರ್ ಡಿಆರ್ ಡಿಥೀಟಾ ಜೊತೆ, ಆರ್ 0ಯಿಂದ 19, ಥೀಟಾ 0ಯಿಂದ 2 ಪೈವರೆಗೆ ಇಂಟಿಗ್ರೇಟ್ ಮಾಡಿದರೆ ಸುಮಾರು 14,365 ಘನ ಮೀಟರ್. ಅರ್ಧಗೋಳದ ಘನಫಲದ ಶಾಲೆಯ ಸೂತ್ರದಿಂದಲೂ ಅಷ್ಟೇ. ಆರ್ ಬಿಟ್ಟು ಮಾಡು, ಸುಮಾರು 1,781 ಬರುತ್ತದೆ. ಅದರ ಏಕಮಾನ ನೋಡು: ಎತ್ತರ ಮೀಟರು, ಡಿಆರ್ ಮೀಟರು, ಡಿಥೀಟಾಕ್ಕೆ ಏಕಮಾನವೇ ಇಲ್ಲ. ಬಂದದ್ದು ಚದರ ಮೀಟರು. ಘನಫಲ ಕೇಳಿದರೆ ಚದರ ಮೀಟರು ಬಂತೆಂದರೆ ಒಂದು ಮೀಟರು ಎಲ್ಲೋ ಬಿದ್ದುಹೋಗಿದೆ, ಅದೇ ಆ ಆರ್.

ಥೀಟಾದ ಲಿಮಿಟ್ ಕೂಡ ಚಿತ್ರದಿಂದಲೇ. ಎಕ್ಸ್, ವೈ ಎರಡೂ 0ಯಿಂದ ಇನ್ಫಿನಿಟಿವರೆಗೆ ಇದ್ದರೆ ಅದು ಕಾಲುಭಾಗ ಮಾತ್ರ, ಥೀಟಾ 0ಯಿಂದ ಪೈ/2. ಅಭ್ಯಾಸಬಲದಿಂದ 2 ಪೈ ಬರೆದರೆ ಉತ್ತರ ನಾಲ್ಕು ಪಟ್ಟು.

ನವನಗರದಂವ, ಬಾಗಲಕೋಟೆ

ಅಕ್ಕಾರ, ಭಾಳ ಉಪಕಾರ ಆತ್ರಿ. ಅಣ್ಣಾರು ಹೇಳಿದ 20 ಲೆಕ್ಕ ನಿನ್ನೆ ರಾತ್ರಿ ಮಾಡಿದೆ. 11 ಸರಿ. ತಪ್ಪಿದ್ದು: ಸೈನ್ ವರ್ಗ, ಆ ಎಕ್ಸ್ ವರ್ಗ + 4 (ಅರ್ಧ ಬಿಟ್ಟಿದ್ದೆ), ಪಾರ್ಶಿಯಲ್ ಫ್ರ್ಯಾಕ್ಷನ್ ಎರಡೂ, ವೃತ್ತದ ಕೇಂದ್ರ (0,0) ಅಂತ ಬರದಿದ್ದೆ, ಉಳದಾವ ಬೈ ಪಾರ್ಟ್ಸ್ ಮತ್ತ ಚಿಹ್ನೆ ತಪ್ಪು. ಪಾರ್ಶಿಯಲ್ ಡೆರಿವೇಟಿವ್ ಮಾತ್ರ ಎಲ್ಲಾ ಸರಿ. ಫೋಟೊಕಾಪಿಗೆ ಅರ್ಜಿ ಹಾಕೀನಿ.

ಪ್ರಶ್ನೆ ತಿಳಿಯೂದರ ಬಗ್ಗೆ, ಮತ್ತ ನ್ಯೂಮರಿಕಲ್ ಮೆಥಡ್ಸ್ (ಅಂಕಿ ಹಾಕಿ ಅಂದಾಜು ಉತ್ತರ ತಗಿಯೂ ವಿಧಾನಗೊಳು) ಬಗ್ಗೆ ಯಾರರ ಹೇಳ್ರಿ. ಅದು ಸಸಾರ, ಕಡೀಗೆ ನೋಡಿದ್ರ ನಡೀತದ ಅಂತಾರ ಹಾಸ್ಟೆಲ್‌ನಾಗ.

ರೇಡಿಯನ್ ಮಾಮಾ, ಜಮಖಂಡಿ

ಕಡೀಗೆ ಬ್ಯಾಡೋ ಮಾರಾಯ, ಮೊದಲ ಹಿಡಿ. ನಾಲ್ಕು ಮತ್ತ ಐದನೇ ಮಾಡ್ಯೂಲ್ ಎರಡೂ ನ್ಯೂಮರಿಕಲ್, 40 ಮಾರ್ಕ್. ಇಂಟಿಗ್ರೇಶನ್ ಜೋಡಿ ಇದಕ್ಕ ಸಂಬಂಧ ಕಡಿಮಿ, ಹಿಂಗಾಗಿ ನಿನ್ನ ಪಿಯು ಕೆಲಸ ನಡದಾಗನ ಇದನ್ನ ಬಾಜೂಕ ನಡಸಬಹುದು. ಸಸಾರ ಅನ್ನೂದು ಖರೆ. ಆದ್ರ ಕೈ ಕೂಡದಿದ್ರ ಒಂದು 7 ಮಾರ್ಕಿನ ಪ್ರಶ್ನೆಗೆ 25 ನಿಮಿಷ ತಿಂತದ, ಅಲ್ಲೇ ಪೇಪರ್ ಹಾಳಾಗ್ತದ.

ಮೊದಲನೇದು ಕ್ಯಾಲ್ಕುಲೇಟರ್. ಸೈನ್, ಕಾಸ್ ಬಂದ್ರ ರೇಡಿಯನ್ ಮೋಡ್‌ನಾಗ ಇರಬೇಕು. ಎಕ್ಸ್ ಸೈನ್ ಎಕ್ಸ್ + ಕಾಸ್ ಎಕ್ಸ್ = 0, ಪೈ ಹತ್ರದ ಬೇರು ನ್ಯೂಟನ್-ರಾಫ್ಸನ್‌ಲೆ ತಗಿ ಅಂತ ಕೊಡ್ತಾರ. ಡೆರಿವೇಟಿವ್ ಎಕ್ಸ್ ಕಾಸ್ ಎಕ್ಸ್. ರೇಡಿಯನ್‌ನಾಗ 3.1416ರಿಂದ ಹೊಂಟ್ರ 2.8233, 2.7986, 2.7984, ಮುಗೀತು. ಅದ ಡಿಗ್ರಿ ಮೋಡ್‌ನಾಗ ಒತ್ತಿದ್ರ ಮೊದಲ ಉತ್ತರ 2.7684. ನೋಡಾಕ ಚಲೋನ ಕಾಣ್ತದ, ಖರೆ ಉತ್ತರದ ಬಾಜೂಕ ಅದ, ಸಂಶಯನ ಬರೂದಿಲ್ಲ. ಮುಂದಿನದು 2.3588. ಹಿಂಗ ಇಳಕೋತ ಹೋಗಿ ಆಮ್ಯಾಲ ಅತ್ತಿತ್ತ ಜಿಗೀತದ, ಎಲ್ಲೂ ನಿಲ್ಲೂದಿಲ್ಲ. ಎರಡನೇ ಸಲ ಬಂದ ಬದಲಾವಣೆ ಮೊದಲನೇದಕ್ಕಿಂತ ದೊಡ್ಡದಾತು ಅಂದ್ರ ಪೆನ್ ಕೆಳಗಿಟ್ಟು ಮೋಡ್ ನೋಡು.

ಎರಡನೇದು ಲಾಗ್. ಎಕ್ಸ್ ಲಾಗ್ ಎಕ್ಸ್ = 1.2, ಬುಡ 10. ಇದರ ಡೆರಿವೇಟಿವ್ ಲಾಗ್ ಎಕ್ಸ್ + 1 ಅಲ್ಲ, ಲಾಗ್ ಎಕ್ಸ್ + 0.4343. ಆ 0.4343 ಬಿಟ್ಟು 1 ಹಾಕಿದ್ರ ಬೇರು ಕಡೀಗೆ ಸಿಗ್ತದ ಖರೆ, ಆದ್ರ ಆಮೆ ನಡದಂಗ. ಹೆಜ್ಜಿಗೊಳು ತಪ್ಪು, ಮಾರ್ಕೂ ಹೋಗ್ತಾವ. ಉತ್ತರ 2.7406.

ಸಿಂಪ್ಸನ್ ನಿಯಮದಾಗ ಎಣಿಕೆ ತಪ್ಪತಾರ. ಏಳು ವೈ ಬೆಲೆ ಅಂದ್ರ ಆರು ಭಾಗ. ಮೂರನೇ ಒಂದರ ನಿಯಮಕ್ಕ ಭಾಗಗೊಳು ಸಮಸಂಖ್ಯೆ ಇರಬೇಕು, ಎಂಟನೇ ಮೂರರದಕ್ಕ ಮೂರರ ಗುಣಕ ಇರಬೇಕು. ಕೈ ಕೂಡಾಕ 1 ಭಾಗಿಸು (1 + ಎಕ್ಸ್ ವರ್ಗ), 0ಯಿಂದ 1, ಆರು ಭಾಗ ಮಾಡು. ಬೆಲೆಗೊಳು 1, 0.9730, 0.9, 0.8, 0.6923, 0.5902, 0.5. ಉತ್ತರ 0.7854 ಬರ್ತದ, ಪೈ/4 ಅಷ್ಟ. ನಾಲ್ಕು ದಶಾಂಶ ಕಡೀತನಾ ಇಟ್ಕೋ. ನಡುವ ಎರಡಕ್ಕ ಇಳಿಸಿದಿ ಅಂದ್ರ ಕಡೀ ಅಂಕಿ ನಂಬಾಕ ಬರೂದಿಲ್ಲ.

ರುಂಗೆ-ಕುಟ್ಟಾದಾಗ (ಡಿಫರೆನ್ಶಿಯಲ್ ಸಮೀಕರಣ ಹೆಜ್ಜಿ ಹೆಜ್ಜಿಗೆ ಬಿಡಸೂ ವಿಧಾನ) ಕೆ1ರಿಂದ ಕೆ4 ತನಕ ನಾಲ್ಕು ಬೆಲೆ ತಗೀಬೇಕು; ಕೆ2, ಕೆ3 ಎರಡಕ್ಕೂ ಅರ್ಧ ಹೆಜ್ಜಿ, ಕೆ4ಕ್ಕ ಪೂರ್ತಿ ಹೆಜ್ಜಿ. ಕೆ2ಕ್ಕ ಪೂರ್ತಿ ಕೆ1 ಕೂಡಿಸೂದು ಮಂದಿ ಮಾಡೂ ತಪ್ಪು. ಒಂದು ಪಟ್ಟಿ ಹಾಕ್ಕೋ: ಎಡಕ್ಕ ಎಕ್ಸ್, ನಡುವ ವೈ, ಬಲಕ್ಕ ಕೆ. ನಾಲ್ಕು ಸಾಲು. ಪಟ್ಟಿ ಇದ್ರ ತಪ್ಪು ಕಣ್ಣಿಗೆ ಬೀಳ್ತದ, ಮೌಲ್ಯಮಾಪಕರಿಗೂ ಹೆಜ್ಜಿ ಕಾಣ್ತಾವ. ಅಂಥಾದ ಇನ್ನೊಂದು ವಿಧಾನ ಮಿಲ್ನ್, ಅದನ್ನ ಬಿಡಬಹುದೇನು ಅಂದ್ರ, ಬಿಡಬ್ಯಾಡ. ನಾಲ್ಕು ಬೆಲೆ ಕೊಟ್ಟಿರ್ತಾರ, ಬರೀ ಹಾಕೂದು.

ಲ್ಯಾಬ್‌ನಾಗ ಪೈಥಾನ್ ಇರ್ತದಲ್ಲ, ಅದನ್ನ ಉತ್ತರ ತಾಳಿ ನೋಡಾಕ ಬಳಸು. ಕೈಲೆ ಮಾಡಿ ಮುಗಿಸಿದ ಮ್ಯಾಲ ಅಷ್ಟ. ಮೊದಲ ಅದನ್ನ ತೆಗದ್ರ ಕೈ ಕೂಡೂದ ಇಲ್ಲ.

ಗಣಿತದಕ್ಕ, ವಿಜಯಪುರ

ಪ್ರಶ್ನೆಯ ಭಾಷೆಗೆ ಒಂದು ಸಣ್ಣ ಪಟ್ಟಿ ಮಾಡಿಕೊಂಡರೆ ಮುಗಿಯಿತು, ಪೂರ್ತಿ ಇಂಗ್ಲಿಷ್ ಕಲಿಯಬೇಕಾಗಿಲ್ಲ. “ಹೆನ್ಸ್” ಎಂದು ಬಂದರೆ ಈಗಷ್ಟೇ ಸಾಧಿಸಿದ್ದನ್ನೇ ಬಳಸಿ ಮುಂದಿನದನ್ನು ಮಾಡು ಎಂದರ್ಥ. ಬೇರೆ ದಾರಿಯಿಂದ ಹೊಸದಾಗಿ ಶುರು ಮಾಡಿದರೆ ಕೇಳಿದ್ದಕ್ಕೆ ಉತ್ತರ ಆಗುವುದಿಲ್ಲ. “ವೆರಿಫೈ” ಎಂದರೆ ಎರಡೂ ಕಡೆ ಬೇರೆ ಬೇರೆ ಲೆಕ್ಕ ಹಾಕಿ ಸಮ ಎಂದು ತೋರಿಸಬೇಕು. ಗ್ರೀನ್ ಪ್ರಮೇಯ ವೆರಿಫೈ ಮಾಡಿ ಎಂದಾಗ ಡಬಲ್ ಇಂಟಿಗ್ರಲ್ ಒಂದನ್ನೇ ಮಾಡಿ ಬಿಟ್ಟರೆ ಅರ್ಧ ಉತ್ತರ. ಅಂಚಿನ ಸುತ್ತಲಿನ ಲೈನ್ ಇಂಟಿಗ್ರಲ್ ಕೂಡ ಬೇಕು, ಅದೂ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ. “ಸಾಲಿನಾಯ್ಡಲ್” ಎಂದರೆ ಡೈವರ್ಜೆನ್ಸ್ ಸೊನ್ನೆ. “ಇರ‍್ರೊಟೇಶನಲ್” ಎಂದರೆ ಕರ್ಲ್ ಸೊನ್ನೆ. ಎರಡನೆಯದರ ಜೊತೆ ಸ್ಕೇಲಾರ್ ಪೊಟೆನ್ಶಿಯಲ್ ಕೇಳುತ್ತಾರೆ.

ವೆಕ್ಟರ್ ಕ್ಯಾಲ್ಕುಲಸ್ಸಿನಲ್ಲಿ ನಿನಗೆ ಪಾರ್ಶಿಯಲ್ ಬರುತ್ತದೆ, ಹಾಗಾಗಿ ಹೆದರಬೇಕಾಗಿಲ್ಲ. ಡೈರೆಕ್ಷನಲ್ ಡೆರಿವೇಟಿವ್‌ನಲ್ಲಿ ಮಾತ್ರ ದಿಕ್ಕಿನ ವೆಕ್ಟರನ್ನು ಅದರ ಉದ್ದದಿಂದ ಭಾಗಿಸುವುದನ್ನು ಮರೆಯಬೇಡ. ಎಕ್ಸ್ ವರ್ಗ ವೈ ಝಡ್ + 4 ಎಕ್ಸ್ ಝಡ್ ವರ್ಗ, ಬಿಂದು (1, −2, −1), ದಿಕ್ಕು (2, −1, −2). ಗ್ರೇಡಿಯೆಂಟ್ (8, −1, −10), ಡಾಟ್ ಮಾಡಿದರೆ 37. ಇಲ್ಲಿಗೆ ನಿಲ್ಲಿಸಿದರೆ ತಪ್ಪು. ದಿಕ್ಕಿನ ಉದ್ದ 3, ಉತ್ತರ 37/3.

ಶಹಾಪುರದ ಓಣಿ, ಬೆಳಗಾವಿ

ಅಕ್ಕಾರು ಲೀನಿಯರ್ ಆಲ್ಜಿಬ್ರಾ ಬಗ್ಗೆ ಹೇಳಿದ್ದು ಸರಿ, ನಾನು ಮೆಕ್ಯಾನಿಕಲ್ ಸ್ಟ್ರೀಮಿನ ಸಿಲಬಸ್ ತಲ್ಯಾಗ ಇಟ್ಕೊಂಡಿದ್ದೆ. ಅಲ್ಲಿ ಮೂರನೇ ಮಾಡ್ಯೂಲ್ ಬ್ಯಾರೆ.

11 ಅಂದ್ರ ಎರಡು ವಾರದ ಕೆಲಸ, ಟ್ಯೂಶನ್ ಬ್ಯಾಡ. ದಿನದ 90 ನಿಮಿಷ ಹಿಂಗ ಹಂಚು. ಮೊದಲ 30 ಪಿಯು ಇಂಟಿಗ್ರೇಶನ್, ಐದ ಲೆಕ್ಕ, ಪುಸ್ತಕ ಮುಚ್ಚಿ. ಪಾರ್ಶಿಯಲ್ ಫ್ರ್ಯಾಕ್ಷನ್, ಸೈನ್ ವರ್ಗ-ಕಾಸ್ ವರ್ಗ, ಬೈ ಪಾರ್ಟ್ಸ್, ಟ್ಯಾನ್ ಇನ್ವರ್ಸ್ ಬರೂವು, ಮತ್ತ ಚಿತ್ರ ಬರಿಯೂದು. ದಿನಕ್ಕೊಂದು ಬಗೆ, ಆರನೇ ದಿನ ಎಲ್ಲಾ ಕಲಸಿ. ವೃತ್ತ ತಪ್ಪೂದು ಯಾಕಂದ್ರ ನೀ ವರ್ಗ ಪೂರ್ಣ ಮಾಡೂದಿಲ್ಲ. ಎಕ್ಸ್ ವರ್ಗ − 2 ಎಕ್ಸ್ ಅನ್ನೂದನ್ನ (ಎಕ್ಸ್ − 1) ವರ್ಗ − 1 ಅಂತ ಬರದ್ರ ಕೇಂದ್ರ (1,0), ತ್ರಿಜ್ಯ 1 ತಾನ ಕಾಣ್ತದ. ಪೋಲಾರ್‌ನಾಗ ಅದು ಆರ್ = 2 ಕಾಸ್ ಥೀಟಾ, ಎಂ-2ರಾಗ ಹೊಳ್ಳಿ ಹೊಳ್ಳಿ ಬರ್ತದ.

ನಡುವಿನ 40 ನಿಮಿಷ ಅವತ್ತ ಕ್ಲಾಸಿನ್ಯಾಗ ಮಾಡಿದ ಲೆಕ್ಕ. ನೋಟ್ಸ್ ಓದಬ್ಯಾಡ. ಪ್ರಶ್ನೆ ಅಷ್ಟ ಬ್ಯಾರೆ ಹಾಳಿ ಮ್ಯಾಲ ಬರಕೊಂಡು ನೀನ ಬಿಡಸು, ಸಿಕ್ಕ ಕಡೆ ಒಂದ ಸಾಲು ನೋಡಿ ಮುಚ್ಚು. ಸಿಕ್ಕ ಜಾಗಕ್ಕ ಕೆಂಪು ಚುಕ್ಕಿ ಇಡು, ಮೂರು ದಿನಕ್ಕ ಅದ ಲೆಕ್ಕ ಹೊಳ್ಳಿ ಮಾಡು. ಬೋರ್ಡ್ ಮ್ಯಾಲ ತಿಳದದ್ದು ರೂಮ್‌ನಾಗ ಬರೂದಿಲ್ಲ ಅಂದಿಯಲ್ಲ, ಬೋರ್ಡ್ ಮ್ಯಾಲ ಮುಂದಿನ ಹೆಜ್ಜಿ ಯಾವುದು ಅಂತ ಆರಿಸಾವ್ರು ಸರ್, ನೀ ಅಲ್ಲ. ಆ ಆರಿಸೂ ಕೆಲಸ ಕಲಿಯೂದು ಈ 40 ನಿಮಿಷದಾಗ.

ಉಳದ 20 ನಿಮಿಷ ಮಾಮಾ ಹೇಳಿದ ನ್ಯೂಮರಿಕಲ್, ದಿನಕ್ಕ ಒಂದ. ರವಿವಾರ ಮೂರು ತಾಸಿನ್ಯಾಗ ಎರಡು ತಾಸು ಹಳೇ ಪೇಪರಿನ ಮೂರು ಮಾಡ್ಯೂಲ್, ಒಂದೊಂದಕ್ಕ 36 ನಿಮಿಷ ಹಚ್ಚಿ. ಪರೀಕ್ಷೆಯಾಗ 180 ನಿಮಿಷಕ್ಕ ಐದು, ಹಿಂಗಾಗಿ 36. ಇನ್ನೊಂದು ತಾಸು ಆ ನಾಲ್ಕು ಅಕ್ಷರದ ಲೆಕ್ಕ ಹಾಕೂದು.

ಎರಡು ವಾರ ಆದ ಮ್ಯಾಲ ಬ್ಯಾರೆ 20 ಲೆಕ್ಕ ತಗೊಂಡು ಮತ್ತ 40 ನಿಮಿಷ. 16 ದಾಟಿದ್ರ ಆ ಮೊದಲ 30 ನಿಮಿಷ ಮಾಡ್ಯೂಲ್ ಮೂರಕ್ಕ ಕೊಡು. ಇಂಟರ್ನಲ್ ಹಗರ ಮಾಡಬ್ಯಾಡ, ಲ್ಯಾಬ್ ಮಾರ್ಕೂ ಅದರಾಗನ ಬರ್ತಾವ. ಹಂಗ ಗ್ರೇಡ್ ಬಗ್ಗೆ ಒಂದು ಮಾತು: ಗಣಿತಕ್ಕ 4 ಕ್ರೆಡಿಟ್, ಸೆಮಿಸ್ಟರಿಗೆ 20. ಸಿ ಅಂದ್ರ 5 ಪಾಯಿಂಟ್, ಎ ಅಂದ್ರ 8. ಈ ಒಂದು ವಿಷಯದಾಗ ಸಿ ಇದ್ದದ್ದು ಎ ಆದ್ರ ಸೆಮಿಸ್ಟರಿನ ಸರಾಸರಿ ಗ್ರೇಡ್ ಪಾಯಿಂಟ್, ಅಂದ್ರ ಎಸ್‌ಜಿಪಿಎ 0.6 ಏರ್ತದ.

ನವನಗರದಂವ, ಬಾಗಲಕೋಟೆ

ಹಾಳಿ ಮ್ಯಾಲ ಟೈಮ್‌ಟೇಬಲ್ ಬರದು ಗ್ವಾಡಿಗೆ ಹಚ್ಚೀನ್ರಿ. ಒಂದು ಸಣ್ಣ ಸಂಶಯ: ಅಕ್ಕಾರ ಎರಡನೇ ಲೆಕ್ಕದಾಗ ಪ್ಯಾರಾಬೋಲ ಮತ್ತ ಗೆರಿ (−2, 4)ದಾಗೂ ಕೂಡ್ತಾವಲ್ಲ, ಅದನ್ನ ಯಾಕ ಬಿಟ್ರಿ?

ಗಣಿತದಕ್ಕ, ವಿಜಯಪುರ

ಎಕ್ಸ್ 0ಯಿಂದ 1ರವರೆಗೆ ಎಂದು ಪ್ರಶ್ನೆಯಲ್ಲೇ ಕಟ್ಟಿದ್ದಾರೆ, ಎಕ್ಸ್ = −2 ಆ ಬೇಲಿಯ ಹೊರಗೆ. ಎಕ್ಸ್‌ಗೆ ಲಿಮಿಟ್ ಕೊಡದೆ ಎರಡು ವಕ್ರರೇಖೆಗಳ ನಡುವಿನ ಪ್ರದೇಶ ಎಂದಷ್ಟೇ ಕೇಳಿದ್ದರೆ ಎಕ್ಸ್ −2ರಿಂದ 1ರವರೆಗೆ ಹೋಗಬೇಕಿತ್ತು, ಆಗ (−2, 4) ಬೇಕಾಗುತ್ತಿತ್ತು. ಎಕ್ಸ್ = 0 ಗೆರೆಯನ್ನು ಮೊದಲು ದಪ್ಪಗೆ ಎಳೆ, ಎಡಗಡೆಯ ಭಾಗವನ್ನು ಪೆನ್ಸಿಲಿನಿಂದ ಹೊಡೆದುಹಾಕು. ಈ ಸಂಶಯ ಬಂತೆಂದರೆ ನೀನು ಚಿತ್ರ ಬರೆದು ನೋಡಿದ್ದೀ.